ವಿಸ್ಯಾಟ್‌ನಲ್ಲಿ ಸ್ಪೀಡ್ ಟೆಸ್ಟ್ 9 ಎಂಬಿಪಿಎಸ್, ಫೈಲ್ ಇಳಿಯುವುದು ಮಾತ್ರ 105 ಕೆಬಿಯಲ್ಲಿ. ಏಕೆ?

10 ಎಂಬಿಪಿಎಸ್ ವಿಸ್ಯಾಟ್ (ಡಿಶ್ ಇಟ್ಟು ಉಪಗ್ರಹದ ಮೂಲಕ ಪಡೆಯುವ ಇಂಟರ್ನೆಟ್), ಪಿಂಗ್ (ಡೇಟಾ ಹೋಗಿ ಉತ್ತರ ಬರಲು ಹಿಡಿಯುವ ಸಮಯ) 620 ಮಿಲಿಸೆಕೆಂಡ್, ಸ್ಪೀಡ್ ಟೆಸ್ಟ್‌ನಲ್ಲಿ 9 ಬರುತ್ತದೆ, ಆದರೆ ಐಪಿಸೆಕ್ ವಿಪಿಎನ್ (ಡೇಟಾವನ್ನು ಎನ್‌ಕ್ರಿಪ್ಟ್ ಮಾಡಿ ಸಾಗಿಸುವ ಖಾಸಗಿ ಟನೆಲ್) ಮೂಲಕ ಹೆಡ್ ಆಫೀಸಿನ ಫೈಲ್ ಇಳಿಸಿದರೆ ಸೆಕೆಂಡಿಗೆ 105 ಕೆಬಿ ದಾಟುವುದಿಲ್ಲ ಎಂದಿದ್ದೀರಿ. ಉತ್ತರ ಆ 105ರಲ್ಲೇ ಇದೆ. 65,535 ಬೈಟನ್ನು 0.62ರಿಂದ ಭಾಗಿಸಿ ನೋಡಿ.

ಫೈಲ್ ಸಾಗಿಸುವ ನಿಯಮಾವಳಿಯಾದ ಟಿಸಿಪಿ ಒಂದು ವಿಂಡೋದಷ್ಟು (ಒಂದು ಸಲಕ್ಕೆ ಕಳಿಸಬಹುದಾದಷ್ಟು) ಡೇಟಾ ಕಳಿಸಿ, ಮುಟ್ಟಿತು ಎಂಬ ಉತ್ತರಕ್ಕೆ ಕಾಯುತ್ತದೆ. ವಿಂಡೋವನ್ನು ಹಿಗ್ಗಿಸುವ ವಿಂಡೋ ಸ್ಕೇಲಿಂಗ್ ಇಲ್ಲದಿದ್ದರೆ ಅದರ ಮಿತಿ 64 ಕೆಬಿ, ಅಂದರೆ ಮೇಲಿನ ಆ 65,535 ಬೈಟ್. ನಿಮ್ಮ ಲಿಂಕ್ ತುಂಬಲು ಬೇಕಾದದ್ದು 10 ಎಂಬಿಪಿಎಸ್ × 0.62 ಸೆಕೆಂಡ್, ಅಂದರೆ (ಎಂಟು ಬಿಟ್‌ಗೆ ಒಂದು ಬೈಟ್) ಸುಮಾರು 775 ಕೆಬಿ. ಸ್ಪೀಡ್ ಟೆಸ್ಟ್ ಒಟ್ಟಿಗೆ ಹಲವು ಕನೆಕ್ಷನ್ ತೆರೆಯುವುದರಿಂದ ಈ ಕೊರತೆ ಅಲ್ಲಿ ಕಾಣಿಸುವುದಿಲ್ಲ. ಪಿಂಗ್ ಇಳಿಸುವ ಆಸೆ ಬೇಡ: ಉಪಗ್ರಹ 35,786 ಕಿ.ಮೀ. ಎತ್ತರದಲ್ಲಿದೆ, ಹೋಗುವಾಗಲೂ ಬರುವಾಗಲೂ ಅಲ್ಲಿಗೆ ಹತ್ತಿ ಇಳಿಯಬೇಕು, ಅದಕ್ಕೆ ಬೆಳಕಿಗೇ 480 ಮಿಲಿಸೆಕೆಂಡ್ ಬೇಕು.

ಮೊದಲು ವಿಂಡೋಸ್ ಪಿಸಿಯಲ್ಲಿ ‘ನೆಟ್‌ಶ್ ಇಂಟರ್‌ಫೇಸ್ ಟಿಸಿಪಿ ಶೋ ಗ್ಲೋಬಲ್’ (netsh interface tcp show global) ಎಂಬ ಕಮಾಂಡ್ ಕೊಟ್ಟು, ವಿಂಡೋ ತಾನಾಗಿ ಹಿಗ್ಗುವುದನ್ನು ನಿರ್ಧರಿಸುವ ಆಟೋ ಟ್ಯೂನಿಂಗ್ ಲೆವೆಲ್ ನೋಡಿ. ‘ಡಿಸೇಬಲ್ಡ್’ ಎಂದಿದ್ದರೆ ‘ನಾರ್ಮಲ್’ ಮಾಡಿ. (ನೆಟ್ ವೇಗ ಹೆಚ್ಚಿಸುವ ಟಿಪ್ಸ್ ಎಂದು ಇದನ್ನು ಆಫ್ ಮಾಡಿಸುವವರು ಈಗಲೂ ಇದ್ದಾರೆ!) ಅದು ಸರಿಯಿದ್ದರೆ ಎರಡೂ ತುದಿಯಲ್ಲಿ ವೈರ್‌ಶಾರ್ಕ್ (ಪ್ಯಾಕೆಟ್ ಹಿಡಿದು ತೋರಿಸುವ ತಂತ್ರಾಂಶ) ಹಾಕಿ, ಕನೆಕ್ಷನ್ ಶುರುಮಾಡುವ ಸಿನ್ ಪ್ಯಾಕೆಟ್ ಹಿಡಿಯಿರಿ. ಹೊರಟಾಗ ಇದ್ದ ‘ವಿಂಡೋ ಸ್ಕೇಲ್’ ಆಪ್ಷನ್ ಆ ಕಡೆ ತಲುಪುವಾಗ ಇಲ್ಲವೆಂದರೆ ನಡುವಿನ ಫೈರ್‌ವಾಲ್ ಅದನ್ನು ಕಿತ್ತುಹಾಕುತ್ತಿದೆ. ಒಂದೇ ಕಡೆ ಸ್ಕೇಲಿಂಗ್ ಇದ್ದರೆ ಉಪಯೋಗವಿಲ್ಲ, ಇಬ್ಬರೂ ಒಪ್ಪಬೇಕು.

ಮಾಮೂಲಿ ಬ್ರೌಸಿಂಗ್‌ನಲ್ಲಿ ಈ ತೊಂದರೆ ಅಷ್ಟಾಗಿ ಕಾಣದಿರಲು ಕಾರಣ ವಿಸ್ಯಾಟ್ ಮೋಡೆಮ್ಮಿನೊಳಗಿನ ಪೆಪ್ ಎಂಬ ಟಿಸಿಪಿ ಮಧ್ಯವರ್ತಿ. ದೂರದ ತುದಿಯ ಉತ್ತರಕ್ಕೆ ಕಾಯಿಸದೆ ಅದೇ ಇಲ್ಲಿಂದ ಉತ್ತರ ಕೊಟ್ಟುಬಿಡುತ್ತದೆ. ಐಪಿಸೆಕ್ ಟಿಸಿಪಿ ಹೆಡರನ್ನೇ ಮುಚ್ಚಿಡುವುದರಿಂದ ಪೆಪ್ ಅಲ್ಲಿ ಕುರುಡು. ಪೆಪ್‌ನ ಲಾಭ ಬೇಕಿದ್ದರೆ ಎನ್‌ಕ್ರಿಪ್ಷನ್‌ಗೆ ಮುಂಚೆಯೇ, ಅಂದರೆ ವಿಪಿಎನ್ ಪೆಟ್ಟಿಗೆಯ ಲ್ಯಾನ್ ಬದಿಯಲ್ಲಿ, ಎರಡೂ ಕಡೆ ಕೂರಿಸಬೇಕು. ಬ್ರೌಸರ್‌ಗಳು ಟಿಸಿಪಿ ಬದಲು ಯುಡಿಪಿ ಮೇಲೆ ಓಡಿಸುವ, ಎನ್‌ಕ್ರಿಪ್ಟ್ ಆದ ಕ್ವಿಕ್‌ನದೂ ಇದೇ ಕಥೆ. ಪೆಪ್ ಇರುವ ಲಿಂಕ್‌ನಲ್ಲಿ ಕ್ವಿಕ್ ಬಳಸುವ ಯುಡಿಪಿ ಪೋರ್ಟ್ 443 ತಡೆದರೆ ಬ್ರೌಸರ್ ಟಿಸಿಪಿಗೆ ಇಳಿಯುತ್ತದೆ; ಪೆಪ್ ಇಲ್ಲದಿದ್ದರೆ ತಡೆಯಲು ಹೋಗಬೇಡಿ, ಕನೆಕ್ಷನ್ ಶುರುವಾಗಲು ಕ್ವಿಕ್‌ಗೆ ಹೋಗಿಬರುವ ಸುತ್ತು ಕಡಿಮೆ ಸಾಕು.

ವಿಂಡೋ ಸರಿಯಾದ ಮೇಲೆ ಎದುರಾಗುವುದು ಪ್ಯಾಕೆಟ್ ನಷ್ಟ. ಟಿಸಿಪಿ ವೇಗ ಹೊಂದಿಸುವ ಹಳೆಯ ವಿಧಾನವಾದ ರೆನೋ ಲೆಕ್ಕದಲ್ಲಿ ಸಾವಿರಕ್ಕೆ ಒಂದೇ ಪ್ಯಾಕೆಟ್ ಕಳೆದರೂ ಈ ಪಿಂಗ್‌ನಲ್ಲಿ ಒಂದು ಕನೆಕ್ಷನ್ ಸುಮಾರು 0.7 ಎಂಬಿಪಿಎಸ್‌ಗೆ ಕುಸಿಯುತ್ತದೆ. ಸರ್ವರ್ ಲಿನಕ್ಸ್ 4.9 ಅಥವಾ ನಂತರದ್ದಾದರೆ ನಾನು ಬಿಬಿಆರ್ (ನಷ್ಟದ ಬದಲು ಲಿಂಕ್‌ನ ವೇಗ ಅಳೆದು ಕಳಿಸುವ ವಿಧಾನ) ಹಾಕುತ್ತೇನೆ. ಅದನ್ನು ಕಳಿಸುವ ಯಂತ್ರದಲ್ಲಿ ಹಾಕಬೇಕು; ಇಳಿಸಿಕೊಳ್ಳುವ ಪಿಸಿಯಲ್ಲಿ ಹಾಕಿ ಏನೂ ಆಗಲಿಲ್ಲ ಎನ್ನುವವರೇ ಹೆಚ್ಚು. ಟನೆಲ್‌ನೊಳಗೆ ಪ್ಯಾಕೆಟ್ ಒಡೆಯದಂತೆ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಹೋಗುವ ಡೇಟಾದ ಮಿತಿ) ಅನ್ನು 1360 ಬೈಟ್‌ಗೆ ಕಟ್ಟಿ.

ಪರೀಕ್ಷೆಗೆ ವೇಗ ಅಳೆಯುವ ತಂತ್ರಾಂಶವಾದ ಐಪರ್ಫ್3 ಅನ್ನು ಒಂದೇ ಕನೆಕ್ಷನ್‌ನಲ್ಲಿ 30 ಸೆಕೆಂಡ್ ಓಡಿಸಿ, ಮೊದಲ 4 ಸೆಕೆಂಡ್ ಲೆಕ್ಕಕ್ಕೆ ಹಿಡಿಯಬೇಡಿ. ಟಿಸಿಪಿ 10 ಪ್ಯಾಕೆಟ್‌ನಿಂದ ಶುರುಮಾಡಿ ಇಮ್ಮಡಿಯಾಗುತ್ತಾ 775 ಕೆಬಿ ಮುಟ್ಟಲು ಆರು ಸುತ್ತು ಬೇಕು. ಇದೇ ಕಾರಣಕ್ಕೆ ಸಣ್ಣ ಫೈಲ್‌ಗಳು ಆಮೇಲೂ ನಿಧಾನವೇ. ಶೇರ್ಡ್ ಫೋಲ್ಡರ್‌ನಿಂದ ನೂರಾರು ಫೈಲ್ ಎಳೆಯುವ ಬದಲು ಜಿಪ್ ಮಾಡಿ ಒಂದೇ ಕಟ್ಟಾಗಿ ತರಿಸಿಕೊಳ್ಳಿ.