ಅಮ್ಮ ಹೇಳುವುದೇ ನಿಜವಾಗಿದ್ದರೆ?

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಬ್ಬ ಹುಡುಗನ, ಅವನ ಮನೆಯವರ ಕಥೆ ಇದು. ಊರು, ವಯಸ್ಸು, ಮನೆಯವರ ಕೆಲಸ ಎಲ್ಲವನ್ನೂ ಅಷ್ಟಿಷ್ಟು ಬದಲಿಸಿದ್ದೇನೆ. ಬರೆಯಲು ಮಗ ಮತ್ತು ತಂದೆ ಒಪ್ಪಿದ್ದಾರೆ. ತಾಯಿಯೂ ಚಿಕಿತ್ಸೆ ಶುರುವಾಗಿ ಎಷ್ಟೋ ಸಮಯದ ಮೇಲೆ, "ಬರೀರಿ, ಆದ್ರೆ ದೇವಿ ಹೆಸರು ಹಾಕ್ಬೇಡಿ" ಎಂದರು. ಹಾಕಿಲ್ಲ.

ಹುಡುಗ ಮೈಸೂರಿನ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದ. ಮನೆ ಸೋಮವಾರಪೇಟೆ ಕಡೆ. ಸ್ವಲ್ಪ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಮೆಣಸು. ಅಪ್ಪ ಪಕ್ಕದ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ, ಹಾಜರಿ ಬರೆಯುವವರು. ಹನ್ನೆರಡು ವರ್ಷದ ತಂಗಿ ಒಬ್ಬಳು. ಅವನು ನನ್ನ ಹತ್ತಿರ ಬಂದಿದ್ದು ಅಮ್ಮನ ವಿಷಯ ಹೇಳಲು ಅಲ್ಲ. "ಒಂದು ಸಿನಿಮಾ ನೋಡ್ದೆ ಮೇಡಂ, ಆಮೇಲೆ ನಿದ್ದೆ ಬರ್ತಿಲ್ಲ" ಎಂದು ಬಂದ. ಹಾರರ್ ಸಿನಿಮಾ ನೋಡಿ ನಿದ್ದೆಗೆಟ್ಟವರು ಸಾಮಾನ್ಯವಾಗಿ ಆಪ್ತಸಲಹೆಗೆ ಬರುವುದಿಲ್ಲ. ಲೈಟ್ ಹಾಕಿಕೊಂಡು ಮಲಗುತ್ತಾರೆ, ನಾಲ್ಕು ದಿನದಲ್ಲಿ ಸರಿಹೋಗುತ್ತಾರೆ. ಇವನು ಎರಡು ವಾರದಿಂದ ಕ್ಲಾಸಿಗೂ ಹೋಗಿರಲಿಲ್ಲ.

ಸಿನಿಮಾದ ಹೆಸರು 'ಫ್ರೇಲ್ಟಿ'. 2001ರದ್ದು. ನಿರ್ದೇಶಕ ಬಿಲ್ ಪ್ಯಾಕ್ಸ್‌ಟನ್, ಅಪ್ಪನ ಪಾತ್ರವನ್ನೂ ಅವರೇ ಮಾಡಿದ್ದಾರೆ. ಕಥೆಯ ಹೆಚ್ಚಿನ ಭಾಗ ನಡೆಯುವುದು 1979ರ ಟೆಕ್ಸಾಸ್‌ನಲ್ಲಿ. ತಾಯಿಯಿಲ್ಲದ ಇಬ್ಬರು ಗಂಡುಮಕ್ಕಳನ್ನು ಅಕ್ಕರೆಯಿಂದ ಸಾಕುತ್ತಿರುವ ಅಪ್ಪ ಒಂದು ರಾತ್ರಿ ಅವರನ್ನು ಎಬ್ಬಿಸುತ್ತಾನೆ. ದೇವದೂತ ಬಂದಿದ್ದ, ಮನುಷ್ಯರ ವೇಷದಲ್ಲಿರುವ ದೆವ್ವಗಳನ್ನು ನಾಶ ಮಾಡುವ ಕೆಲಸ ನಮ್ಮ ಮನೆಗೆ ಬಂದಿದೆ ಎನ್ನುತ್ತಾನೆ. ಚಿಕ್ಕವನು ನಂಬುತ್ತಾನೆ. ದೊಡ್ಡವನು ನಂಬುವುದಿಲ್ಲ. ದೇವರು ಕಾಣಿಸಲಿ ಎಂದು ಅಪ್ಪ ದೊಡ್ಡವನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕುತ್ತಾನೆ. ಸಿಟ್ಟಿನಿಂದಲ್ಲ, ಪ್ರೀತಿಯಿಂದ. ನನಗೆ ಆ ಸಿನಿಮಾದಲ್ಲಿ ಎಲ್ಲಕ್ಕಿಂತ ಜಾಸ್ತಿ ಭಯವಾಗುವುದು ಅಲ್ಲೇ.

"ಅದನ್ನ ನೋಡಿ ಯಾಕೆ ಭಯ ಆಯ್ತು?" ಎಂದು ಕೇಳಿದೆ.

"ನಮ್ಮನೇಲಿ ನೆಲಮಾಳಿಗೆ ಇಲ್ಲ ಮೇಡಂ. ಕಣದ ಪಕ್ಕ ಕಾಫಿ ಮೂಟೆ ಇಡೋ ರೂಮಿದೆ."

ಅಲ್ಲಿಂದ ವಿಷಯ ಬಿಚ್ಚಿಕೊಂಡಿತು. 2018ರ ಆಗಸ್ಟಿನ ಮಳೆ ಕೊಡಗಿನವರು ಯಾರೂ ಮರೆತಿಲ್ಲ. ಅವರ ಮನೆ ಹಿಂದಿನ ಬರೆಯೂ (ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಇಳಿಜಾರು) ಆಗ ಕುಸಿದಿತ್ತು. ಮಣ್ಣು ಬಚ್ಚಲಿನ ಗೋಡೆವರೆಗೆ ಬಂದು ನಿಂತಿತು. ಆ ಹೊತ್ತಿಗೆ ಅಮ್ಮ ದೇವರ ಮುಂದೆ ದೀಪ ಹಚ್ಚಿ ಹರಕೆ ಹೊತ್ತು ಕೂತಿದ್ದರು. ಮಣ್ಣು ನಿಂತದ್ದು ಹರಕೆಯಿಂದ ಎಂದು ಅವರು ನಂಬಿದರು. ಇದರಲ್ಲಿ ರೋಗ ಏನೂ ಇಲ್ಲ. ಅವತ್ತು ಹಾಗೆ ನಂಬಿದವರು ಸಾವಿರಾರು ಜನ ಇದ್ದಾರೆ. ಗಂಜಿ ಕೇಂದ್ರದಿಂದ ವಾಪಸ್ ಬಂದ ಮೇಲೂ ದೀಪ ಆರದಂತೆ ನೋಡಿಕೊಂಡರು. ಮಳೆ ಜೋರಾದ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ.

2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತಲ್ಲ, ಅಮ್ಮನ ಸ್ಥಿತಿ ಬಿಗಡಾಯಿಸಿದ್ದು ಆ ಸುದ್ದಿ ಕೇಳಿದ ಮೇಲೆ. ಕಾವೇರಿಯ ಹುಟ್ಟಿನ ಜಾಗದಲ್ಲೇ ಹೀಗಾದರೆ ನಮ್ಮ ಹರಕೆ ಎಲ್ಲಿಗೆ ಸಾಲುತ್ತದೆ? ಒಪ್ಪತ್ತು ಊಟ ಶುರುವಾಯಿತು, ಆಮೇಲೆ ಮಕ್ಕಳಿಗೂ. ಕೊನೆಗೆ ದೇವಿ ಮಾತಾಡತೊಡಗಿದಳು. ಮನೆಯಲ್ಲಿ ಒಬ್ಬನಿಗೆ ನಂಬಿಕೆ ಇಲ್ಲ, ಬರೆ ಜಾರುವುದು ಅವನಿಂದಲೇ ಎಂದಳಂತೆ.

ಅವನನ್ನು ಆ ರೂಮಿನಲ್ಲಿ ಕೂಡಿದ್ದು ಒಂದು ಮಳೆಗಾಲದ ರಜೆಯಲ್ಲಿ. ಊಟ ಇಲ್ಲ, ನೀರು ಮಾತ್ರ. ದೇವಿ ಕಾಣಿಸಿದಳು ಎನ್ನುವವರೆಗೆ ಬಾಗಿಲು ತೆಗೆಯುವುದಿಲ್ಲ ಎಂದು ಅಮ್ಮ ಹೊರಗೆ ಕೂತು ಅಳುತ್ತಿದ್ದರು. ಎರಡನೇ ರಾತ್ರಿ ಅವನು "ಕಾಣಿಸ್ತು, ಬೆಳಕು ಕಾಣಿಸ್ತು" ಎಂದುಬಿಟ್ಟ. ಬಾಗಿಲು ತೆಗೆದರು, ತಬ್ಬಿಕೊಂಡರು, ಅಕ್ಕಿ ರೊಟ್ಟಿ ಮಾಡಿ ಬಡಿಸಿದರು. ಪಕ್ಕದಲ್ಲಿದ್ದ ತಂಗಿ, "ನಂಗೂ ಕಾಣಿಸ್ತು ಅಣ್ಣ" ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ ಎಂದು ಅವನಿಗೆ ಆಗಲೇ ಅನಿಸಿತ್ತು.

ಇನ್ನು ಸಿನಿಮಾದ ಕೊನೆ. ನೋಡದವರು ಕ್ಷಮಿಸಿ, ಹೇಳದೆ ವಿಧಿಯಿಲ್ಲ. ಕೊನೆಯಲ್ಲಿ ಅಪ್ಪ ಹೇಳಿದ್ದೇ ನಿಜ ಎಂದು ಸಿನಿಮಾ ತೋರಿಸಿಬಿಡುತ್ತದೆ. ದೆವ್ವಗಳೆಂದು ಅವನು ಕೊಂದವರು ನಿಜವಾಗಿಯೂ ಪಾಪಿಗಳು. ಹಾಸ್ಟೆಲಿನ ಗೆಳೆಯರು 'ಸೂಪರ್ ಟ್ವಿಸ್ಟ್' ಎಂದು ಚಪ್ಪಾಳೆ ತಟ್ಟಿದಾಗ ಇವನು ಎದ್ದು ಹೋಗಿ ವಾಂತಿ ಮಾಡಿಕೊಂಡ. ನನ್ನನ್ನು ಕೇಳಿದ ಪ್ರಶ್ನೆ ಇಷ್ಟೇ: "ಅಮ್ಮ ಹೇಳೋದೇ ನಿಜ ಆಗಿದ್ರೆ? ನಾನು ಸುಳ್ಳು ಹೇಳಿದ್ದಕ್ಕೆ ಬರೆ ಬಿದ್ದು ತಂಗಿ ಸತ್ರೆ?"

ಮನೆಯಲ್ಲಿ ಇಂಥ ವಾತಾವರಣದಲ್ಲಿ ಬೆಳೆದ ಮಕ್ಕಳ ಭಯ ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ಅಮ್ಮನಿಗೆ ತಲೆ ಕೆಟ್ಟಿದೆ ಎಂಬುದು ಅವರ ಭಯ ಅಲ್ಲ. ತಲೆ ಕೆಟ್ಟಿಲ್ಲದಿದ್ದರೆ ಎಂಬುದು ಭಯ. ಚಿಕ್ಕಂದಿನಿಂದ ಅನ್ನ ಹಾಕಿದ, ಜ್ವರ ಬಂದಾಗ ರಾತ್ರಿ ಎದ್ದಿದ್ದ ಅಮ್ಮನ ಮಾತನ್ನು ತಳ್ಳಿಹಾಕುವುದು ಸುಲಭವಾ? ಬುದ್ಧಿ ಬೇಡ ಅಂದರೂ ಹೊಟ್ಟೆಯೊಳಗೆ ನಂಬಿಕೆ ಉಳಿದಿರುತ್ತದೆ.

ನಾನು ಅವನಿಗೆ "ದೇವಿ ಮಾತಾಡಲ್ಲ, ಅದೆಲ್ಲ ಸುಳ್ಳು" ಎಂದು ಹೇಳಲಿಲ್ಲ. ಆ ವಾದಕ್ಕೆ ಇಳಿದರೆ ಕೌನ್ಸೆಲರ್ ಸೋಲುತ್ತಾರೆ, ಸೋಲದಿದ್ದರೂ ಉಪಯೋಗವಿಲ್ಲ. ಹೀಗೆ ಹೇಳಿದೆ: "ದೇವರು ಇದ್ದಾನಾ ಇಲ್ವಾ ಅನ್ನೋದನ್ನ ಈ ರೂಮಲ್ಲಿ ತೀರ್ಮಾನ ಮಾಡೋಕಾಗಲ್ಲ. ಹನ್ನೆರಡು ವರ್ಷದ ಹುಡುಗಿಗೆ ಮೂರು ಹೊತ್ತು ಊಟ ಬೇಕಾ ಬೇಡವಾ ಅನ್ನೋದನ್ನ ಮಾಡಬಹುದು. ಅದನ್ನ ಮೊದಲು ಮಾಡೋಣ." ಸಿನಿಮಾದ ಬಗ್ಗೆ ಇಷ್ಟು ಹೇಳಿದೆ: ಆ ದೇವದೂತ ನಿಜ ಎಂದು ತೀರ್ಮಾನ ಮಾಡಿದ್ದು ಕಥೆ ಬರೆದವರು, ಪ್ರೇಕ್ಷಕರನ್ನು ಬೆಚ್ಚಿಬೀಳಿಸಲು. ನಿಮ್ಮ ಬರೆಗೆ ಯಾರೂ ಕಥೆ ಬರೆದಿಲ್ಲ.

ಬರೆಯ ಬಗ್ಗೆ ಜಾಸ್ತಿ ಮಾತಾಡಿದೆವು. 2018ರ ಕುಸಿತಗಳ ನಂತರ ಭೂವಿಜ್ಞಾನಿಗಳು ಹೇಳಿದ್ದೇನು? ಮನೆಗೆ, ರಸ್ತೆಗೆ ಇಳಿಜಾರನ್ನು ನೆಟ್ಟಗೆ ಕಡಿದದ್ದು, ವಿಪರೀತ ಮಳೆಯಲ್ಲಿ ಮಣ್ಣು ನೀರು ಕುಡಿದು ಭಾರವಾದದ್ದು, ನೀರು ಹೋಗಲು ದಾರಿ ಇಲ್ಲದ್ದು. ಅವರ ಮನೆಯೂ ಬರೆ ಕಡಿದು ಕಟ್ಟಿದ್ದೇ. ಅಂದರೆ ಅಮ್ಮನ ಭಯದಲ್ಲಿ ಅರ್ಧ ಭಾಗ ನಿಜವಾದ ಭಯ. ಮನೋರೋಗದ ಬಗ್ಗೆ ಮಾತಾಡುವವರು ಇದನ್ನು ಮರೆತುಬಿಡುತ್ತಾರೆ. ಆ ಬರೆಯನ್ನು ಹಾಗೇ ಬಿಟ್ಟು ಮಾತ್ರೆ ಮಾತ್ರ ಕೊಟ್ಟರೆ ಮುಂದಿನ ಜುಲೈನಲ್ಲಿ ದೇವಿ ಮತ್ತೆ ಮಾತಾಡುತ್ತಾಳೆ.

ಅವತ್ತೇ ಕೇಳಿದ ಇನ್ನೊಂದು ಪ್ರಶ್ನೆ, ಮನೆಯಲ್ಲಿ ಕೋವಿ ಇದೆಯಾ ಎಂದು. ಕೊಡಗಿನಲ್ಲಿ ಕೆಲಸ ಮಾಡುವ ಯಾವ ಕೌನ್ಸೆಲರ್ ಕೂಡ ಇದನ್ನು ಬಿಡಬಾರದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು ಉಳ್ಳವರು) ಲೈಸೆನ್ಸಿನಿಂದ ವಿನಾಯಿತಿ ಇದೆ, ಬೇರೆಯವರೂ ಬೆಳೆ ಕಾಯಲು ಲೈಸೆನ್ಸ್ ಮಾಡಿಸಿ ಇಟ್ಟುಕೊಂಡಿರುತ್ತಾರೆ. ಇವರ ಮನೆಯಲ್ಲಿ ಅಪ್ಪನ ಹೆಸರಲ್ಲಿ ಒಂದಿತ್ತು. ಕತ್ತಿಗಳು, ತೋಟಕ್ಕೆ ಹೊಡೆಯುವ ಔಷಧಿ ಡಬ್ಬಗಳು ಹೇಗೂ ಇದ್ದವು. ದೆಹಲಿಯ ಬುರಾರಿಯಲ್ಲಿ 2018ರ ಜುಲೈನಲ್ಲಿ ಒಂದೇ ಮನೆಯ 11 ಜನ ಪೂಜೆಯಂಥ ಒಂದು ಆಚರಣೆಯ ಹೆಸರಲ್ಲಿ ಪ್ರಾಣ ಕಳೆದುಕೊಂಡರು. ನೆರೆಹೊರೆಯವರಿಗೆ ಅವರು ದೈವಭಕ್ತ, ಒಳ್ಳೆಯ ಕುಟುಂಬ. ಎಲ್ಲ ಮನೆಯೂ ಹಾಗಾಗುವುದಿಲ್ಲ, ತೀರಾ ಅಪರೂಪ. ಆದರೂ ಕೇಳಿದ್ದರಿಂದ ಯಾರಿಗೂ ನಷ್ಟವಿಲ್ಲ.

ಅಪ್ಪನನ್ನು ಕರೆಸಿದೆ. ಒಳ್ಳೆಯ ಮನುಷ್ಯ, ಮಾತು ಕಡಿಮೆ. "ದೇವರ ವಿಷಯ ಮೇಡಂ, ನಾನೇನಂತ ಹೇಳ್ಲಿ?" ಎಂದರು. ಅವರ ಹತ್ತಿರ ನಾನು ಮೆತ್ತಗೆ ಮಾತಾಡಲಿಲ್ಲ. ಮಗುವನ್ನು ಉಪವಾಸ ಕೆಡವುವುದು, ಕೂಡಿಹಾಕುವುದು ಇನ್ನೊಮ್ಮೆ ನಡೆದರೆ ನಾನು ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಲೇಬೇಕಾಗುತ್ತದೆ ಎಂದೆ. ಮಗಳು ಶಾಲೆಯ ಪ್ರಾರ್ಥನೆಯಲ್ಲಿ ಎರಡು ಸಲ ತಲೆಸುತ್ತಿ ಬಿದ್ದಿದ್ದು ಅವರಿಗೆ ಗೊತ್ತಿತ್ತು, ಯಾಕೆಂದು ಕೇಳುವ ಧೈರ್ಯ ಇರಲಿಲ್ಲ. ಆ ವಾರವೇ ಕೋವಿಯನ್ನು ಕಾನೂನು ಪ್ರಕಾರ ಮನೆಯಿಂದ ಹೊರಗಿಡುವ ಏರ್ಪಾಟು ಮಾಡಿದರು. ಮೂಟೆ ರೂಮಿನ ಚಿಲಕ ಕಿತ್ತರು. ಔಷಧಿ ಡಬ್ಬಗಳು ಎಸ್ಟೇಟಿನ ಸ್ಟೋರಿಗೆ ಹೋದವು.

ಅಮ್ಮನದು ಭಕ್ತಿಯಾ, ಕಾಯಿಲೆಯಾ? ದಿನಕ್ಕೆ ಎಷ್ಟು ಹೊತ್ತು ಪೂಜೆ ಎಂದು ಲೆಕ್ಕ ಹಾಕಿದರೆ ಗೊತ್ತಾಗುವುದಿಲ್ಲ. ನಾನು ಮೂರು ನೋಡುತ್ತೇನೆ. ಬೇಕೆಂದಾಗ ನಿಲ್ಲಿಸಲು ಆಗುತ್ತದಾ? ಅದರಿಂದ ಯಾರಿಗಾದರೂ ಪೆಟ್ಟಾಗುತ್ತಿದೆಯಾ? ಅದೇ ದೇವರನ್ನು ನಂಬುವ ಊರಿನವರಿಗೂ ಇದು ಅತಿ ಅನಿಸುತ್ತಿದೆಯಾ? ಕೆಲವರಿಗೆ ಮೈಲಿಗೆ, ಪಾಪ ಎಂಬ ಯೋಚನೆ ಬಿಡದೆ ಕಾಡುತ್ತದೆ, ಅತಿ ಎಂದು ತಮಗೇ ಅನಿಸಿದರೂ ಬಿಡಲಾಗುವುದಿಲ್ಲ. ಅದು ಗೀಳು. ಇನ್ನು ಕೆಲವರಿಗೆ ಅನುಮಾನವೇ ಇರುವುದಿಲ್ಲ, ದನಿ ಕೇಳಿಸುತ್ತದೆ, ಎದುರು ಮಾತಾಡಿದವರು ಶತ್ರುವಾಗುತ್ತಾರೆ. ಅದು ಭ್ರಮೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ತೀರ್ಮಾನ ಮಾಡಬೇಕಾದವರು ಮನೋವೈದ್ಯರು, ನಾನಲ್ಲ.

ಆದರೆ ಅಮ್ಮ ಡಾಕ್ಟರ ಹೆಸರು ಕೇಳಲೂ ಸಿದ್ಧರಿರಲಿಲ್ಲ. ಅವರು ಒಪ್ಪುತ್ತಿದ್ದದ್ದು ದೇವಸ್ಥಾನದ ಭಟ್ಟರ ಮಾತು ಒಂದನ್ನೇ. ಸೋದರಮಾವ ಹೋಗಿ ಭಟ್ಟರಿಗೆ ಎಲ್ಲ ಹೇಳಿದರು. ಭಟ್ಟರು ಮನೆಗೆ ಬಂದು ಕಾಫಿ ಕುಡಿದು ನಿಧಾನವಾಗಿ ಹೇಳಿದರಂತೆ: "ಅಮ್ಮಾ, ವ್ರತ ಹಿಡಿದ ಮೇಲೆ ಉದ್ಯಾಪನೆ ಅಂತ ಒಂದಿರುತ್ತೆ. ಮುಗಿಯದ ವ್ರತ ಇಲ್ಲ. ಮಕ್ಕಳಿಗೆ, ಕಾಯಿಲೆಯವರಿಗೆ ಉಪವಾಸ ಇಲ್ಲ." ಉದ್ಯಾಪನೆ ಆಯಿತು, ಊರಿಗೆಲ್ಲ ಊಟ ಹಾಕಿದರು. ಮನೆಯಲ್ಲಿ ಹತ್ತು ಹದಿನೈದು ದಿನ ನೆಮ್ಮದಿ ಇತ್ತು. ಒಂದು ರಾತ್ರಿ ಮಳೆ ಸುರಿಯಿತು. ಬೆಳಿಗ್ಗೆ ಅಮ್ಮ, "ದೇವಿ ಉದ್ಯಾಪನೆ ಒಪ್ಪಿಲ್ಲ, ಭಟ್ರಲ್ಲೂ ಮೈಲಿಗೆ ಇದೆ" ಎಂದರು.

ಭಟ್ಟರು ಬಂದಿದ್ದು ವ್ಯರ್ಥವಾಗಲಿಲ್ಲ. ಇದು ಧರ್ಮದ ಮಾತಿಗೂ ಬಗ್ಗುತ್ತಿಲ್ಲ ಎಂದು ಅಪ್ಪನಿಗೆ ಮೊದಲ ಸಲ ಕಂಡಿದ್ದು ಆವತ್ತು. ಅಲ್ಲಿವರೆಗೆ ಹೆಂಡತಿಗೆ ಎದುರಾಡಿದರೆ ದೇವರಿಗೆ ಎದುರಾಡಿದಂತೆ ಎಂದು ಹೆದರಿದ್ದರು. "ನಿದ್ದೆ ಇಲ್ದೆ ಸೊರಗಿದೀಯ, ನಿದ್ದೆಗೆ ತೋರಿಸೋಣ ಬಾ" ಎಂದು ಕರೆದಾಗ, ಮೈಯಲ್ಲಿ ಶಕ್ತಿ ಇರದ ಅಮ್ಮ ಹೊರಟರು. ಅವರು ನಿದ್ದೆ ಮಾಡದಿದ್ದದ್ದು ನಿಜವೇ, ಸುಳ್ಳು ಹೇಳಿ ಕರೆದುಕೊಂಡು ಹೋದಂತಾಗಲಿಲ್ಲ. ಇದು ನನಗೆ ಮುಖ್ಯ. ದೇವಸ್ಥಾನಕ್ಕೆ ಎಂದು ಹೇಳಿ ಆಸ್ಪತ್ರೆಗೆ ಕರೆದೊಯ್ಯುವವರು ಬೇಕಾದಷ್ಟು ಜನ ಇದ್ದಾರೆ. ಮುಂದಿನ ಸಲ ರೋಗಿ ಕಾರು ಹತ್ತುವುದಿಲ್ಲ.

ಮನೋವೈದ್ಯರು ಅದು ಭ್ರಮೆಯ ಕಾಯಿಲೆ ಎಂದು ಗುರುತಿಸಿ ಮಾತ್ರೆ ಶುರುಮಾಡಿದರು. ಅಮ್ಮ ಬರದೇ ಹೋಗಿದ್ದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ದಾರಿ ಇತ್ತು. ತನಗೋ ಬೇರೆಯವರಿಗೋ ಅಪಾಯವಿದ್ದಾಗ, ವೈದ್ಯರು ಪರೀಕ್ಷಿಸಿ ಒಪ್ಪಿದರೆ, ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ನಿಲ್ಲುವವರು, ಹೆಚ್ಚಾಗಿ ಮನೆಯವರೇ) ಅರ್ಜಿಯ ಮೇಲೆ 30 ದಿನದವರೆಗೆ ದಾಖಲು ಮಾಡಿಕೊಳ್ಳಬಹುದು. ಅಪ್ಪನಿಗೆ ಇದನ್ನೂ ತಿಳಿಸಿದ್ದೆ. ಬೇಕಾಗಲಿಲ್ಲ.

ತಂಗಿಯ ವಿಷಯಕ್ಕೆ ಬರುತ್ತೇನೆ. ಒಬ್ಬರ ಭ್ರಮೆ ಹತ್ತಿರದವರಿಗೂ ಹಿಡಿಯುವುದನ್ನು 1877ರಲ್ಲೇ ಫ್ರಾನ್ಸಿನ ಲಾಸೇಗ್ ಮತ್ತು ಫಾಲ್ರೆ ಎಂಬ ವೈದ್ಯರು ವಿವರಿಸಿದ್ದರು. ಮನೆ ಒಂಟಿಯಾಗಿದ್ದು, ಚಿಕ್ಕವರು ದೊಡ್ಡವರನ್ನೇ ಪೂರ್ತಿ ಅವಲಂಬಿಸಿದ್ದರೆ ಹೀಗಾಗುತ್ತದೆ. ತೋಟದ ನಡುವಿನ ಮನೆ, ಜಡಿ ಮಳೆಯಲ್ಲಿ ವಾರಗಟ್ಟಲೆ ಕರೆಂಟಿಲ್ಲ, ಫೋನಿಲ್ಲ, ಅಣ್ಣ ಹಾಸ್ಟೆಲಿನಲ್ಲಿ. ಅವಳಿಗೆ ಅಮ್ಮ ಬಿಟ್ಟು ಬೇರೆ ಯಾರಿದ್ದರು? ಇಂಥವರನ್ನು ಸ್ವಲ್ಪ ಕಾಲ ಬೇರೆ ಇಟ್ಟರೆ ಎಷ್ಟೋ ಸಲ ನಂಬಿಕೆ ತಾನಾಗಿ ಸಡಿಲವಾಗುತ್ತದೆ. ಅವಳನ್ನು ಕುಶಾಲನಗರದ ಸೋದರಮಾವನ ಮನೆಗೆ ಕಳಿಸಿದೆವು. ಅತ್ತೆಗೆ ಹೇಳಿದ್ದು ಇಷ್ಟೇ: ದೇವಿಯ ಬಗ್ಗೆ ಏನೂ ಕೇಳಬೇಡಿ, ತಮಾಷೆ ಮಾಡಬೇಡಿ, ಊಟದ ಹೊತ್ತಿಗೆ ಎಲ್ಲರ ಜೊತೆ ಕೂರಿಸಿ. ಮೊದಲು ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದಳು. ಒಂದು ದಿನ ತಾನೇ ಎರಡನೇ ಸಲ ಪಂದಿ ಕರಿ ಕೇಳಿದಳು ಎಂದು ಅತ್ತೆ ಫೋನ್ ಮಾಡಿ ನಗುತ್ತಾ ಹೇಳಿದರು.

ಮಗನಿಗೆ ಕೊಟ್ಟ ಸಲಹೆಗಳಲ್ಲಿ ಅವನಿಗೆ ಕಷ್ಟವಾಗಿದ್ದು ಒಂದೇ. ಅಮ್ಮ ದೇವಿಯ ಮಾತು ತೆಗೆದಾಗ ಹೌದು ಎನ್ನಬೇಡ, ಇಲ್ಲ ಎಂದು ವಾದವೂ ಮಾಡಬೇಡ. "ನಂಗೆ ಕೇಳಿಸ್ತಿಲ್ಲಮ್ಮ. ನಿಂಗೆ ಭಯ ಆಗ್ತಿದೆ ಅನ್ನೋದು ಗೊತ್ತಾಗ್ತಿದೆ, ನಾನು ಇಲ್ಲೇ ಇದೀನಿ" ಎನ್ನು. ಬಾಯಿಪಾಠ ಮಾಡಿಸಿದ ಹಾಗೆ ಹಲವು ಸಲ ಹೇಳಿಸಿದೆ. ಕೂಡಿಹಾಕಿದಾಗ ಹೇಳಿದ ಸುಳ್ಳಿನ ಬಗ್ಗೆ, ಹಸಿದವನು ಬಾಗಿಲು ತೆಗೆಸಿಕೊಳ್ಳಲು ಹೇಳಿದ ಮಾತಿಗೆ ಪಾಪದ ಲೆಕ್ಕ ಹಾಕಬೇಡ ಎಂದೆ. ತಂಗಿಗೆ ಮಾತ್ರ, ಅವಳು ತಯಾರಾದಾಗ, ನಿಜ ಹೇಳು. ಅವಳು ಅಣ್ಣನ ಆ ಮಾತಿನ ಮೇಲೆ ತನ್ನ ನಂಬಿಕೆಯನ್ನು ಕಟ್ಟಿಕೊಂಡಿದ್ದಳು. ದೀಪಾವಳಿ ರಜೆಯಲ್ಲಿ ಹೇಳಿದನಂತೆ. "ಗೊತ್ತಿತ್ತು" ಎಂದಳಂತೆ. ಗೊತ್ತಿತ್ತೋ ಇಲ್ಲವೋ, ಅದನ್ನು ಕೆದಕಲು ಹೋಗಬೇಡ ಎಂದೆ.

ಅಮ್ಮ ಈಗ ರಾತ್ರಿ ಮಲಗುತ್ತಾರೆ. ದೇವಿ ಮಾತಾಡುವುದು ಅಪರೂಪ. ಪೂಜೆ ಬಿಟ್ಟಿಲ್ಲ, ಬಿಡಲು ಯಾರೂ ಹೇಳಿಲ್ಲ, ಬೆಳಗಿನ ದೀಪ ಸಂಜೆಗೆ ಆರಿದರೆ ಆರಲಿ ಎನ್ನುವಷ್ಟಕ್ಕೆ ಬಂದಿದ್ದಾರೆ. ನಡುವೆ ಚೆನ್ನಾಗಿದ್ದೇನೆ ಎಂದು ಮಾತ್ರೆ ಬಿಟ್ಟಾಗ ಕಾಯಿಲೆ ಒಮ್ಮೆ ಮರುಕಳಿಸಿತು. ಹಾಗಾಗಿ ಮಳೆಗಾಲಕ್ಕೆ ಮೊದಲೇ ಎಲ್ಲ ಬರೆದಿಟ್ಟುಕೊಂಡೆವು. ಮೇ ಕೊನೆಯಲ್ಲಿ ಡಾಕ್ಟರ ಭೇಟಿ ತಪ್ಪಬಾರದು. ಬರೆಯ ಮೇಲಿನ ಚರಂಡಿ ಬಿಡಿಸಿ, ಪಂಚಾಯಿತಿಗೆ ಅರ್ಜಿ ಕೊಟ್ಟು ಜಾಗ ನೋಡಿಸಬೇಕು. ರೆಡ್ ಅಲರ್ಟ್ ಬಂದ ದಿನ ಸಂಜೆಯೊಳಗೆ ಎಲ್ಲರೂ ಸೋದರಮಾವನ ಮನೆಗೆ. ಎರಡು ರಾತ್ರಿ ನಿದ್ದೆ ತಪ್ಪಿದರೆ ಕಾಯದೆ ಆಸ್ಪತ್ರೆಗೆ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಮಗುವಿನ ವಿಷಯಕ್ಕೆ ಮಕ್ಕಳ ಸಹಾಯವಾಣಿ 1098. ಅಪ್ಪ ಈ ಹಾಳೆಯನ್ನು ಕ್ಯಾಲೆಂಡರ್ ಹಿಂದೆ ಅಂಟಿಸಿದ್ದಾರೆ. ಚರಂಡಿ ಕೆಲಸ ಅರ್ಧ ಆಗಿದೆ, ಪಂಚಾಯಿತಿಯವರು ಇನ್ನೂ ಬಂದಿಲ್ಲ.