ಆಪ್ತಸಲಹೆ ಪ್ರಕರಣ: ಮೊಂತಿ ಫೆಸ್ತ್ ದಿನ ಊಟ ಬಿಟ್ಟ ಹುಡುಗಿ

(ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು, ಕೆಲವು ವಿವರ ಬದಲಿಸಿದ್ದೇನೆ.)

"ಮಗಳು ದೇವರನ್ನು ಬಿಟ್ಟಿದ್ದಾಳೆ ಮೇಡಂ. ಕೊರಿಯಾದವರ ಹುಚ್ಚು ಹಿಡಿದಿದೆ." 2025ರ ಸೆಪ್ಟೆಂಬರ್‌ನಲ್ಲಿ ನನ್ನ ಹತ್ತಿರ ಬಂದ ತಾಯಿ ಕೂತ ಕೂಡಲೇ ಹೇಳಿದ ಮಾತು ಇದು.

ಮಂಗಳೂರು ಹೊರವಲಯದ ಕೊಂಕಣಿ ಕೆಥೊಲಿಕ್ ಕುಟುಂಬ. ತಂದೆಗೆ ಕುವೈತಿನಲ್ಲಿ ಕೆಲಸ. ಮನೆಯಲ್ಲಿ ತಾಯಿ, ಅಜ್ಜಿ, ಎಸ್ಸೆಸ್ಸೆಲ್ಸಿ ಓದುವ ಮಗಳು, ಅವಳ ತಮ್ಮ. ಮಗಳನ್ನು ರೀಮಾ ಎನ್ನೋಣ. ವಯಸ್ಸು 15. ಓದಿನಲ್ಲಿ ಚುರುಕು. ಆರೇಳು ತಿಂಗಳಿಂದ ಸಂಜೆಯ ತೆರ್ಸಿಗೆ, ಅಂದರೆ ಮನೆಯ ಜಪಸರಕ್ಕೆ, ಬಂದರೂ ಬಾಯಿ ಬಿಡುವುದಿಲ್ಲ. ಭಾನುವಾರದ ಧರ್ಮೋಪದೇಶಕ್ಕೆ ಹೊಟ್ಟೆನೋವಿನ ನೆಪ. ಜೂನ್‌ನಲ್ಲಿ ತಾಯಿ ಒಂದು ರಿಟ್ರೀಟಿಗೆ, ಅಂದರೆ ಪ್ರಾರ್ಥನಾ ಶಿಬಿರಕ್ಕೆ, ಹೋಗಿ ಬಂದರು. ಮಗಳು ಕೇಳುವ ಕೊರಿಯಾದ ಹಾಡುಗಳಲ್ಲಿ ಸೈತಾನನ ಗುರುತುಗಳಿವೆ ಎಂದು ಅಲ್ಲಿ ಯಾರೋ ಹೇಳಿದ್ದರು. ಮನೆಗೆ ಬಂದವರೇ ಮಗಳ ಕೋಣೆಯಲ್ಲಿದ್ದ, ಬಿಟಿಎಸ್ ಎಂಬ ಕೊರಿಯಾದ ಹಾಡುಗಾರರ ತಂಡದ ಪೋಸ್ಟರುಗಳನ್ನೆಲ್ಲ ಹರಿದು ಒಲೆಗೆ ಹಾಕಿದರು. ಮಗಳ ಮೊಬೈಲಿನಿಂದ ಇನ್‌ಸ್ಟಾಗ್ರಾಮ್ ತೆಗೆಸಿದರು. ಕುವೈತಿನಿಂದ ತಂದೆ ಅದೇ ಧಾಟಿಯ ವಾಟ್ಸಾಪ್ ವಿಡಿಯೊಗಳನ್ನು ದಿನಾ ಕಳಿಸತೊಡಗಿದರು.

ಕೊನೆಗೆ ತಾಯಿಯನ್ನು ನನ್ನ ತನಕ ತಂದದ್ದು ಸೆಪ್ಟೆಂಬರ್ 8ರ ಮೊಂತಿ ಫೆಸ್ತ್. ಕರಾವಳಿಯ ಕೆಥೊಲಿಕರಿಗೆ ಅದು ಮರಿಯಮ್ಮನ ಹುಟ್ಟುಹಬ್ಬವೂ ಹೌದು, ಹೊಸ ತೆನೆಯ ಹಬ್ಬವೂ ಹೌದು. ಮಕ್ಕಳು ಒಂಬತ್ತು ದಿನ ಚರ್ಚಿಗೆ ಹೂ ಒಯ್ಯುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯನ್ನು ಮನೆಗೆ ತಂದು, ಆ ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ ಎಲ್ಲರೂ ಒಟ್ಟಿಗೆ ತಿನ್ನುತ್ತಾರೆ. ಮೀನು, ಮಾಂಸ ಇಲ್ಲದ ಊಟ ಅವತ್ತು. ರೀಮಾ ಪಾಯಸವನ್ನು ನಾಲಿಗೆಗೆ ಮುಟ್ಟಿಸಿ, ಎಲೆ ಬಿಟ್ಟು ಎದ್ದು ಹೋದಳು. ಅಜ್ಜಿ ಅತ್ತರು. ಇದು ವಿಶ್ವಾಸ ಬಿಟ್ಟ ಲಕ್ಷಣ ಎಂದು ಮನೆಯಲ್ಲಿ ತೀರ್ಮಾನ ಆಯಿತು.

ನಾನು ತಾಯಿಯನ್ನು ಕೇಳಿದ್ದು ಒಂದೇ. "ಯಾಕೆ ಊಟ ಬಿಟ್ಟಳು ಅಂತ ಅವಳನ್ನು ಕೇಳಿದ್ರಾ?" ಅವರು ಸ್ವಲ್ಪ ಹೊತ್ತು ಯೋಚಿಸಿ, "ಕೇಳುವುದು ಎಂತ ಮೇಡಂ, ಗೊತ್ತಾಗ್ತದಲ್ವಾ" ಎಂದರು.

ರೀಮಾಳ ಜೊತೆ ಬೇರೆಯಾಗಿ ಮಾತಾಡಿದೆ. ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ, ನಿನ್ನ ಜೀವಕ್ಕೆ ಅಪಾಯ ಅನಿಸಿದರೆ ಅಥವಾ ಯಾರಾದರೂ ನಿನಗೆ ಕಿರುಕುಳ ಕೊಡುತ್ತಿದ್ದರೆ ಮಾತ್ರ ಮನೆಯವರಿಗೆ ತಿಳಿಸಬೇಕಾಗುತ್ತದೆ ಎಂದು ಮೊದಲೇ ಹೇಳಿದೆ. ಮೊದಲ ಸಲ ಜಾಸ್ತಿ ಮಾತಾಡಲಿಲ್ಲ. ಬಿಟಿಎಸ್‌ನ ಏಳು ಜನರ ಹೆಸರು ಒಂದೊಂದಾಗಿ ಹೇಳು ಎಂದಾಗ ಮಾತ್ರ ಮುಖ ಅರಳಿತು. 2013ರಲ್ಲಿ ಹೇಗೆ ಶುರು ಮಾಡಿದರು, ಯಾರು ಯಾವಾಗ ಸೈನ್ಯಕ್ಕೆ ಹೋಗಿ ಬಂದರು, ಎಲ್ಲ ಗೊತ್ತು ಅವಳಿಗೆ. ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಕೊರಿಯನ್ ಅಕ್ಷರ ಬರೆದು ಕಲಿಯುತ್ತಿದ್ದಳು. ಯಾರ ಸಹಾಯವೂ ಇಲ್ಲದೆ.

ದೇವರ ಬಗ್ಗೆ ಅವಳಿಗೆ ಕೋಪ ಇರಲಿಲ್ಲ. ಕೋಪ ಇದ್ದದ್ದು ಪೋಸ್ಟರ್ ಸುಟ್ಟದ್ದಕ್ಕೆ. ತೆರ್ಸಿನ ಕೊನೆಗೆ ತಾಯಿ ದಿನಾ ಎಲ್ಲರ ಎದುರು "ನನ್ನ ಮಗಳನ್ನು ಕೆಟ್ಟದ್ದರಿಂದ ಬಿಡಿಸು ದೇವರೇ" ಎಂದು ಪ್ರಾರ್ಥಿಸುತ್ತಿದ್ದರು. "ನಂಗೆ ಬೈಯ್ಲಿಕ್ಕೆ ದೇವರನ್ನು ಯಾಕೆ ಕರೀಬೇಕು ಮೇಡಂ?" ಎಂದಳು. ನನಗೆ ಇದು ನ್ಯಾಯವಾದ ಪ್ರಶ್ನೆಯೇ ಅನಿಸಿತು.

ಊಟದ ವಿಷಯ ಬೇರೆಯೇ ಇತ್ತು. ಹಾಡುಗಾರರಂತೆ ತೆಳ್ಳಗಾಗುವುದು ಹೇಗೆ ಎಂದು ತೋರಿಸುವ ವಿಡಿಯೊಗಳನ್ನು ನೋಡಿ, ಮೇ ತಿಂಗಳಿಂದ ಅನ್ನ, ಸಿಹಿ ಬಿಟ್ಟಿದ್ದಳು. ರಾತ್ರಿ ಊಟದ ಬದಲು ಒಂದು ಸೇಬು. ಹಬ್ಬದ ದಿನ ಎದ್ದು ಹೋದದ್ದು ಅದಕ್ಕೇ. ತಲೆ ಸುತ್ತುತ್ತಿತ್ತು, ಮುಟ್ಟು ಎರಡು ತಿಂಗಳಿಂದ ಆಗಿರಲಿಲ್ಲ. ಇದನ್ನು ತಾಯಿಗೆ ಹೇಳಲೇಬೇಕು ಎಂದು ಅವಳನ್ನು ಒಪ್ಪಿಸಿದೆ. ಅದೇ ವಾರ ಡಾಕ್ಟರ ಹತ್ತಿರ ಕಳಿಸಿದೆ. ರಕ್ತ ಕಡಿಮೆ ಇತ್ತು. ಮನೆಯವರೆಲ್ಲ ಹಾಡಿನ ಸಾಲಿನಲ್ಲಿ ಸೈತಾನನನ್ನು ಹುಡುಕುತ್ತಿದ್ದರು. ಮಗಳ ತಟ್ಟೆಯನ್ನು ಯಾರೂ ನೋಡಿರಲಿಲ್ಲ.

ಮುಂದಿನ ಭೇಟಿಯಲ್ಲಿ ಮತ್ತೊಂದು ಹೊರಗೆ ಬಂತು. ಇನ್‌ಸ್ಟಾಗ್ರಾಮ್ ತೆಗೆಸಿದ ಎರಡನೇ ದಿನವೇ ಅಜ್ಜಿಯ ಮೊಬೈಲಿನಲ್ಲಿ ಬೇರೆ ಖಾತೆ ತೆರೆದಿದ್ದಳು. ವಯಸ್ಸು 19 ಎಂದು ಹಾಕಿ. ಇದರ ಪರಿಣಾಮ ಹೆತ್ತವರಿಗೆ ಗೊತ್ತಿರಬೇಕು. 2025ರಿಂದ ಭಾರತದಲ್ಲೂ ಹದಿಹರೆಯದವರ ಖಾತೆಗೆ ಇನ್‌ಸ್ಟಾಗ್ರಾಮ್ ಕೆಲವು ಬೇಲಿ ಹಾಕಿದೆ. ಖಾತೆ ತಾನಾಗಿ ಪ್ರೈವೇಟ್ ಆಗಿರುತ್ತದೆ, ಗುರುತಿಲ್ಲದವರು ಮೆಸೇಜ್ ಮಾಡಲು ಆಗುವುದಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 7ರ ತನಕ ನೋಟಿಫಿಕೇಶನ್ ಬರುವುದಿಲ್ಲ. 16 ತುಂಬದವರು ಇದನ್ನು ಸಡಿಲ ಮಾಡಬೇಕಿದ್ದರೆ ಹೆತ್ತವರ ಒಪ್ಪಿಗೆ ಬೇಕು. 19 ಎಂದು ಸುಳ್ಳು ಹೇಳಿದವಳಿಗೆ ಈ ಯಾವ ಬೇಲಿಯೂ ಇಲ್ಲ. ನಿಷೇಧ ಹಾಕಿದ್ದರಿಂದ ಮಗು ಇನ್‌ಸ್ಟಾಗ್ರಾಮ್ ಬಿಡಲಿಲ್ಲ. ಇದ್ದ ರಕ್ಷಣೆ ಹೋಯಿತು, ಅಷ್ಟೇ.

ಆ ಖಾತೆಯಲ್ಲಿ ಒಬ್ಬ ಫೋಟೊಕಾರ್ಡ್ ಮಾರುವವನು ಸಿಕ್ಕಿದ್ದ. ಈ ಕಾರ್ಡುಗಳ ವ್ಯಾಪಾರ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಲ್ಬಮ್ಮಿನ ಪೊಟ್ಟಣದೊಳಗೆ ಹಾಡುಗಾರರ ಫೋಟೊ ಇರುವ ಚಿಕ್ಕ ಕಾರ್ಡ್ ಇರುತ್ತದೆ. ಯಾರ ಫೋಟೊ ಬರುತ್ತದೆ ಎಂದು ತೆರೆಯುವ ತನಕ ಗೊತ್ತಾಗುವುದಿಲ್ಲ. ಬೇಕಾದವರದ್ದು ಸಿಗಬೇಕಾದರೆ ಮತ್ತೆ ಕೊಳ್ಳಬೇಕು, ಇಲ್ಲವೇ ಬೇರೆ ಅಭಿಮಾನಿಗಳಿಂದ ಪಡೆಯಬೇಕು. ರೀಮಾ ತಾಯಿಯ ಫೋನಿನಿಂದ 2,400 ರೂಪಾಯಿ ಕಳಿಸಿ, ಮೆಸೇಜ್ ಅಳಿಸಿದ್ದಳು. ಕಾರ್ಡ್ ಬರಲಿಲ್ಲ. ಕೇಳಿದ್ದಕ್ಕೆ, "ನಿನ್ನ ಫೋಟೊ ಕಳಿಸು, ಇನ್ನೂ ನಾಲ್ಕು ಕಾರ್ಡ್ ಫ್ರೀ ಕೊಡ್ತೇನೆ" ಎಂದನಂತೆ. ಇವಳು ಹೆದರಿ ಬ್ಲಾಕ್ ಮಾಡಿದಳು.

"ಮಮ್ಮಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ, ನೋಡಿದ್ಯಾ ಸೈತಾನನ ಕೆಲಸ ಅಂತಾರೆ. ಮತ್ತೆ ಮೊಬೈಲೂ ಹೋಗ್ತದೆ."

ಈ ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸಿದ್ದು ಈ ಉತ್ತರ. ಹಾಡು ಪಾಪವೋ ಅಲ್ಲವೋ ಎಂಬ ಜಗಳದಲ್ಲಿ, ನಿಜವಾದ ತೊಂದರೆ ಬಂದಾಗ ಮಗು ತಾಯಿಯ ಹತ್ತಿರ ಓಡಿ ಬರುವ ದಾರಿ ಮುಚ್ಚಿಹೋಗಿತ್ತು. ಫೋಟೊ ಕೇಳಿದಾಗ ಬ್ಲಾಕ್ ಮಾಡಿದಳಲ್ಲ, ಆ ವಿವೇಕ ಅವಳಿಗೆ ಎಲ್ಲಿಂದ ಬಂತು? ಇದೇ ಮನೆಯಿಂದ, ಇದೇ ತಾಯಿಯಿಂದ. ತಾಯಿಗೆ ನಾನು ಇದನ್ನು ಹೇಳಿದಾಗ ಅವರು ಕಣ್ಣೊರೆಸಿಕೊಂಡರು.

ಹಣದ ವಿಷಯವನ್ನು ರೀಮಾ ನನ್ನ ಎದುರಲ್ಲೇ ಹೇಳಿದಳು. ಬೈಯಬಾರದು ಎಂದು ತಾಯಿಯಿಂದ ಮೊದಲೇ ಮಾತು ತೆಗೆದುಕೊಂಡಿದ್ದೆ. ಮೂವರೂ ಕೂತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಆನ್‌ಲೈನ್ ಮೋಸದಲ್ಲಿ ಮೊದಲ ಕೆಲವು ಗಂಟೆಯಲ್ಲೇ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಇಲ್ಲಿ ವಾರಗಳೇ ಕಳೆದಿದ್ದವು. ಫೋಟೊ ಕಳಿಸಿ ಸಿಕ್ಕಿಬಿದ್ದ ಮಕ್ಕಳಾದರೆ ಮಕ್ಕಳ ಸಹಾಯವಾಣಿ 1098 ಇದೆ, ಪೊಲೀಸರಿದ್ದಾರೆ. ತಪ್ಪು ಮಗುವಿನದ್ದಲ್ಲ ಎಂಬುದನ್ನು ಹೆತ್ತವರು ಮೊದಲು ನಂಬಬೇಕು.

ತಾಯಿಗೆ ಕೊಟ್ಟ ಸಲಹೆಯಲ್ಲಿ ಮೊದಲನೆಯದು, ಸುಟ್ಟದ್ದಕ್ಕೆ ಕ್ಷಮೆ ಕೇಳಿ ಎಂಬುದು. ಹಾಡು ಒಳ್ಳೆಯದು ಎಂದು ಒಪ್ಪಬೇಕಿಲ್ಲ. ನಿನ್ನ ವಸ್ತುವನ್ನು ನಿನ್ನನ್ನು ಕೇಳದೆ ಸುಟ್ಟದ್ದು ಸರಿಯಲ್ಲ, ಅಷ್ಟು ಸಾಕು. ಅವರಿಗೆ ಇದು ಕಷ್ಟವಾಯಿತು. "ನಾನು ತಾಯಿ, ನಾನೇ ಕ್ಷಮೆ ಕೇಳುವುದಾ?" ಎಂದರು. ಮಕ್ಕಳನ್ನು ಕೆಣಕಿ ಕೋಪ ಎಬ್ಬಿಸಬೇಡಿ, ಅವರು ಮನಗುಂದಿಯಾರು ಎಂದು ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದದ್ದು ಹೆತ್ತವರಿಗೇ ಅಲ್ವಾ ಎಂದೆ. ನಾನು ಧರ್ಮಗುರು ಅಲ್ಲ. ಆದರೆ ಈ ಮನೆಯಲ್ಲಿ ಬೈಬಲ್ಲಿನ ಮಾತಿಗೆ ನನ್ನ ಮನಶ್ಶಾಸ್ತ್ರಕ್ಕಿಂತ ಬೆಲೆ ಜಾಸ್ತಿ ಎಂದು ಗೊತ್ತಿತ್ತು.

ಲೂಕನ ಸುವಾರ್ತೆಯ ಎರಡನೇ ಅಧ್ಯಾಯವನ್ನೂ ಓದಲು ಹೇಳಿದೆ. ಯೇಸುವಿಗೆ 12 ವರ್ಷ. ಹಬ್ಬ ಮುಗಿಸಿ ಹೊರಟ ಮೇಲೆ ಮಗ ಕಾಣಿಸಲಿಲ್ಲ. ಮೂರು ದಿನ ಬಿಟ್ಟು ದೇವಾಲಯದಲ್ಲಿ ಸಿಕ್ಕಿದ. ಮರಿಯಮ್ಮ ಮಾಡಿದ ಮೊದಲ ಕೆಲಸ ಎಂತ? ಯಾಕೆ ಹೀಗೆ ಮಾಡಿದೆ ಮಗನೇ ಎಂದು ಕೇಳಿದ್ದು. ಎಷ್ಟು ಹುಡುಕಿ ಕಳವಳಪಟ್ಟೆವು ಎಂದೂ ಹೇಳಿದರು. ಮಗನ ಉತ್ತರ ಅರ್ಥವಾಗಲಿಲ್ಲ ಎಂದು ಸುವಾರ್ತೆಯಲ್ಲೇ ಇದೆ. ಆದರೂ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡರು. ಅರ್ಥ ಆಗದಿದ್ದರೂ ಕೇಳಿ ಇಟ್ಟುಕೊಳ್ಳಬಹುದು.

ಎರಡನೆಯದು, ವಾರಕ್ಕೊಂದು ಸಂಜೆ ಮಗಳ ಜೊತೆ ಕೂತು ಅವಳು ತೋರಿಸಿದ್ದನ್ನು ಪೂರ್ತಿ ನೋಡಬೇಕು. ಸಬ್‌ಟೈಟಲ್ ಹಾಕಿಕೊಂಡು. ಮುಗಿಯುವ ತನಕ ಮಾತಿಲ್ಲ. ರೀಮಾ ಮೊದಲು ತೋರಿಸಿದ್ದು, 2018ರ ಸೆಪ್ಟೆಂಬರ್‌ನಲ್ಲಿ ತಂಡದ ನಾಯಕ ವಿಶ್ವಸಂಸ್ಥೆಯಲ್ಲಿ ಮಾಡಿದ ಭಾಷಣ. ಬೇರೆಯವರ ಕಣ್ಣಿನಿಂದ ತನ್ನನ್ನು ನೋಡಿಕೊಳ್ಳುತ್ತಾ ತಾನು ಕಳೆದುಹೋದದ್ದನ್ನು ಅವನು ಅದರಲ್ಲಿ ಹೇಳುತ್ತಾನೆ. ತಾಯಿ ಮುಗಿದ ಮೇಲೆ, "ಇದನ್ನು ನಮ್ಮ ಫಾದರ್ ಕೂಡ ಪ್ರಸಂಗದಲ್ಲಿ ಹೇಳಬಹುದಿತ್ತು" ಎಂದರಂತೆ. ರೀಮಾ ಬಿದ್ದು ಬಿದ್ದು ನಕ್ಕಳಂತೆ.

ಹಾಗೆಂದು ಎಲ್ಲದಕ್ಕೂ ತಲೆಯಾಡಿಸಿ ಎಂದು ನಾನು ಹೇಳಲಿಲ್ಲ. ಮುಂದಿನ ವಾರ ನೋಡಿದ ಒಂದು ನೃತ್ಯ ತಾಯಿಗೆ ಇಷ್ಟವಾಗಲಿಲ್ಲ. ಯಾಕೆ ಇಷ್ಟವಾಗಲಿಲ್ಲ ಎಂದು ಬಿಡಿಸಿ ಹೇಳಿದರು. ಮಗಳು ವಾದ ಮಾಡಿದಳು. ವಾದ ಆಗಲಿ, ಒಳ್ಳೆಯದೇ. ಓಟಿಟಿಯಲ್ಲಿ ಯಾವ ವಯಸ್ಸಿನವರು ನೋಡಬಹುದು ಎಂದು ತಿಳಿಸುವ ಯು/ಎ 13+, ಯು/ಎ 16+, ಎ (ವಯಸ್ಕರಿಗೆ ಮಾತ್ರ) ಎಂಬ ಗುರುತು ಇರುವುದೇ ತಾಯಿಗೆ ಗೊತ್ತಿರಲಿಲ್ಲ. 2021ರ ನಿಯಮದ ಪ್ರಕಾರ 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಲಾಕ್ ಹಾಕುವ ಅನುಕೂಲವನ್ನೂ ಕೊಡಬೇಕು. 'ಎ' ಬೇಡ ಎಂಬ ತೀರ್ಮಾನ ಹೆತ್ತವರದ್ದೇ, ಅದರಲ್ಲಿ ಚರ್ಚೆ ಇಲ್ಲ ಎಂದೆ. ರೀಮಾಳನ್ನೂ ನಾನು ಸುಮ್ನೆ ಬಿಡಲಿಲ್ಲ. ನಿನ್ನನ್ನು ನೀನು ಪ್ರೀತಿಸು ಎನ್ನುವ ಹಾಡನ್ನೂ, ಯಾರ ಕಾರ್ಡ್ ಎಂದು ಹೇಳದೆ ಮಾರುವ ಪೊಟ್ಟಣವನ್ನೂ ಒಂದೇ ಕಂಪನಿ ಮಾಡುತ್ತದೆ. ಇಲ್ಲಿಯ ತನಕ ಎಷ್ಟು ಖರ್ಚಾಯಿತು ಎಂದು ಬರೆದು ತಾ ಎಂದೆ. ಮೊತ್ತ ನೋಡಿ ಅವಳಿಗೇ ಗಾಬರಿಯಾಯಿತು. ಹಾಡು ಇಷ್ಟಪಡುತ್ತಲೇ ವ್ಯಾಪಾರವನ್ನು ಅನುಮಾನದಿಂದ ನೋಡಲು ಸಾಧ್ಯ.

ಇನ್ನೊಂದು ವಿಷಯ. ಸಂತ ಕಾರ್ಲೊ ಅಕುತಿಸ್. ಅವರನ್ನು ಸಂತರೆಂದು ಸಾರಿದ್ದು ಮೊಂತಿ ಫೆಸ್ತಿನ ಹಿಂದಿನ ದಿನ, 2025ರ ಸೆಪ್ಟೆಂಬರ್ 7ರಂದು. ಕಂಪ್ಯೂಟರಿನಲ್ಲಿ ಪರಿಣತ, 15ನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಹುಡುಗ. "ಅವನನ್ನು ನೋಡು, ನಿನ್ನನ್ನು ನೋಡು" ಎಂದು ತಾಯಿ ಇಡೀ ವಾರ ಹೇಳಿದ್ದರು. ಸಂತರನ್ನು ಬೆತ್ತ ಮಾಡಿಕೊಂಡರೆ ಮಕ್ಕಳು ಸಂತರನ್ನೂ ದೂರ ಇಡುತ್ತಾರೆ. ಕಾರ್ಲೊ ತೀರಿಕೊಂಡದ್ದು 2006ರಲ್ಲಿ. ಇನ್‌ಸ್ಟಾಗ್ರಾಮ್ ಆಗ ಹುಟ್ಟಿರಲೇ ಇಲ್ಲ. ಅವರಿಗೂ ವಿಡಿಯೊ ಗೇಮ್ ಇಷ್ಟ ಇತ್ತು. ವಾರಕ್ಕೆ ಒಂದು ಗಂಟೆ ಎಂಬ ಮಿತಿಯನ್ನು ತಾವೇ ಹಾಕಿಕೊಂಡಿದ್ದರು. ಆ 'ತಾವೇ' ಎಂಬುದನ್ನು ಗಮನಿಸಿ ಎಂದೆ. ಹಾಗಾಗಿ ಮೊಬೈಲ್ ನಿಯಮವನ್ನು ರೀಮಾಳೇ ಬರೆಯಲಿ, ತಾಯಿ ತಿದ್ದಲಿ ಎಂದಾಯಿತು. ಅವಳು ಬರೆದ ಮೊದಲ ಸಾಲು: ರಾತ್ರಿ 10ಕ್ಕೆ ಎಲ್ಲರ ಮೊಬೈಲ್ ಮನೆಯ ಹಾಲ್‌ನಲ್ಲಿ. ಎಲ್ಲರದ್ದು. ತಾಯಿಯೇ 11ರ ತನಕ ರೀಲ್ಸ್ ನೋಡುತ್ತಿದ್ದರು ಎಂಬುದು ಆಗ ಗೊತ್ತಾಯಿತು. ಖಾತೆಯನ್ನು ನಿಜವಾದ ವಯಸ್ಸು ಹಾಕಿ, ತಾಯಿಗೆ ಗೊತ್ತಿರುವ ಹಾಗೆ ಮತ್ತೆ ತೆರೆದರು.

ತೆರ್ಸಿನ ಬಗ್ಗೆ ಸಣ್ಣ ಬದಲಾವಣೆ. ಮಕ್ಕಳ ತಪ್ಪನ್ನು ಎಲ್ಲರ ಎದುರು ಪ್ರಾರ್ಥನೆಯಲ್ಲಿ ಹೇಳುವಂತಿಲ್ಲ. ಜಪಸರದ ಒಂದು ಹತ್ತು ಮಣಿಯ ಪ್ರಾರ್ಥನೆಯನ್ನು ರೀಮಾ ನಡೆಸಲಿ, ಯಾರಿಗಾಗಿ ಎಂದು ಅವಳೇ ಆರಿಸಲಿ.

ತಂದೆಯ ಜೊತೆ ವಿಡಿಯೊ ಕಾಲಿನಲ್ಲಿ ಮಾತಾಡಿದೆ. ದೂರದಲ್ಲಿರುವ ತಂದೆಗೆ ಫಾರ್ವರ್ಡ್ ಒಂದೇ ದಾರಿ ಅನಿಸುತ್ತದೆ, ಪಾಪ. ಒಂದು ತಿಂಗಳು ಒಂದೂ ಫಾರ್ವರ್ಡ್ ಬೇಡ, ಬದಲಿಗೆ ದಿನಕ್ಕೊಂದು ಪ್ರಶ್ನೆ ಕೇಳಿ ಎಂದೆ. "ಎಂತ ಕೇಳುವುದು?" ಎಂದರು. ಅವಳು ಕೊರಿಯನ್ ಅಕ್ಷರ ಕಲಿಯುತ್ತಿದ್ದಾಳೆ, ಅಲ್ಲಿಂದ ಶುರು ಮಾಡಿ ಎಂದೆ. ಮಗಳು ತಂದೆಯ ಹೆಸರನ್ನು ಕೊರಿಯನ್‌ನಲ್ಲಿ ಬರೆದು ಕಳಿಸಿದಳು. ಆ ಊರಿನಲ್ಲಿ ಕ್ರೈಸ್ತರಿದ್ದಾರಾ ಎಂದು ತಂದೆ ಕೇಳಿದರು. ರೀಮಾ ಹುಡುಕಿ ಹೇಳಿದಳು: 1984ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಸಿಯೋಲಿನಲ್ಲೇ 103 ಹುತಾತ್ಮರನ್ನು ಸಂತರೆಂದು ಸಾರಿದ್ದು, 2027ರ ವಿಶ್ವ ಯುವ ದಿನ ಅದೇ ಊರಿನಲ್ಲಿ ನಡೆಯಲಿರುವುದು. ಆ ವಾರ ತೆರ್ಸಿನಲ್ಲಿ ತನ್ನ ಹತ್ತು ಮಣಿಯನ್ನು ಆ ಹುತಾತ್ಮರ ಹೆಸರಿನಲ್ಲಿ ನಡೆಸಿದಳಂತೆ. ಇದನ್ನು ನಾನು ಯೋಜನೆ ಮಾಡಿದ್ದಲ್ಲ.

ಡಿಸೆಂಬರ್ ಹೊತ್ತಿಗೆ ಮುಟ್ಟು ಸರಿಯಾಗಿತ್ತು. ಮಧ್ಯಾಹ್ನ ಅನ್ನ ಉಣ್ಣುತ್ತಾಳೆ. ರಾತ್ರಿ ಇನ್ನೂ ಹಿಂಜರಿಕೆ ಇದೆ. ಹಾಗಾಗಿ ತಿಂಗಳಿಗೊಮ್ಮೆ ತೂಕ ನೋಡುವುದನ್ನು ಡಾಕ್ಟರರು ಮುಂದುವರಿಸಿದ್ದಾರೆ. ತೂಕ ಮತ್ತೆ ಇಳಿದರೆ, ಊಟದ ನಂತರ ಬಾತ್‌ರೂಮಿಗೆ ಓಡುವುದು ಕಂಡರೆ ಕಾಯಬೇಡಿ, ಮನೋವೈದ್ಯರ ಹತ್ತಿರ ಬನ್ನಿ ಎಂದು ತಾಯಿಗೆ ಬರೆದು ಕೊಟ್ಟಿದ್ದೇನೆ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಹಣ ವಾಪಸ್ ಬಂದಿಲ್ಲ. ಅದನ್ನು ರೀಮಾ ತನ್ನ ಪಾಕೆಟ್ ಮನಿಯಲ್ಲಿ ತಿಂಗಳಿಗೆ 200 ರೂಪಾಯಿಯಂತೆ ತಾಯಿಗೆ ತೀರಿಸುತ್ತಿದ್ದಾಳೆ. ಇನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಇಬ್ಬರೂ ಒಮ್ಮೆ ಬರುತ್ತಾರೆ. ಧರ್ಮೋಪದೇಶದ ತರಗತಿಗೆ ಹೋಗುವ ವಿಷಯದಲ್ಲಿ ತಾಯಿ, ಮಗಳ ಜಗಳ ಮುಗಿದಿಲ್ಲ, ಅದನ್ನು ಅವತ್ತು ಮಾತಾಡಲಿಕ್ಕಿದೆ.