ಪಿಎಚ್ ಬೆನ್ನು ಹತ್ತಿ ಕೆಟ್ಟ ಹವಳದ ಟ್ಯಾಂಕ್

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ 200 ಲೀಟರಿನ ಹವಳದ ಟ್ಯಾಂಕ್ ಇಟ್ಟಿದ್ದೇನೆ. ಬೆಳಗ್ಗೆ ಪಿಎಚ್ 7.9 ಇರುತ್ತದೆ. 8.3ಕ್ಕೆ ತರೋಣ ಅಂತ ದಿನಾ ಬಫರ್ ಪುಡಿ ಹಾಕುತ್ತೇನೆ, ಮರುದಿನ ಮತ್ತೆ ಅಷ್ಟೇ. ಈಗ ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) 12 ಡಿಕೆಎಚ್ (ಅದರ ಅಳತೆಯ ಮಾನ), ಕ್ಯಾಲ್ಸಿಯಂ 360 ಪಿಪಿಎಂ. ಹೀಟರ್ ಮೇಲೆ ಬಿಳಿ ಪದರ ಕಟ್ಟಿದೆ. ಇನ್ನೇನು ಹಾಕಲಿ?

ಉತ್ತರ: ಸದ್ಯಕ್ಕೆ ಏನೂ ಹಾಕಬೇಡಿ. ಬಫರ್ ಡಬ್ಬಿ ಎತ್ತಿಡಿ.

ಬೆಳಗ್ಗೆ 7.9 ಇರುವುದು ಕಾಯಿಲೆಯೇ ಅಲ್ಲ. ರಾತ್ರಿ ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ, ಉಸಿರಾಟ ನಡೆಯುತ್ತಲೇ ಇರುತ್ತದೆ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಪಿಎಚ್ ಇಳಿಯುತ್ತದೆ. ಕಿಟಕಿ ಮುಚ್ಚಿ ಎಸಿ ಹಾಕಿ ನಾಲ್ಕು ಜನ ಮಲಗಿದರೆ ಇನ್ನೂ ಇಳಿಯುತ್ತದೆ. ಇದಕ್ಕೆ ಮದ್ದು ಪುಡಿಯಲ್ಲ, ಗಾಳಿ. ಒಂದು ರಾತ್ರಿ ಕಿಟಕಿ ತೆರೆದಿಟ್ಟು ನೋಡಿ. ಕೊಳೆಯನ್ನು ನೊರೆಯಾಗಿ ಎತ್ತುವ ಸ್ಕಿಮ್ಮರ್ ಇದ್ದರೆ ಅದರ ಗಾಳಿ ಕೊಳವೆಯನ್ನು ಹೊರಗೆ ಎಳೆಯಿರಿ.

ನೀವು ಹಾಕಿದ ಪುಡಿ ಪಿಎಚ್ಚನ್ನು ಹಿಡಿದು ನಿಲ್ಲಿಸಲಿಲ್ಲ, ಆಲ್ಕಲಿನಿಟಿಯನ್ನು ಮಾತ್ರ ಏರಿಸುತ್ತಾ ಹೋಯಿತು. ಅದು ಮಿತಿ ಮೀರಿದಾಗ ಕ್ಯಾಲ್ಸಿಯಂ ಜೊತೆ ಸೇರಿ ಬಿಸಿಯಾದ ಜಾಗದಲ್ಲಿ ಗಟ್ಟಿಯಾಗುತ್ತದೆ. ಬೋರ್‌ವೆಲ್ ನೀರಿನ ಗೀಸರ್ ಕಾಯಿಲ್ ಮೇಲೆ ಕಟ್ಟುವುದೂ ಇದೇ ಕ್ಯಾಲ್ಸಿಯಂ ಕಾರ್ಬೋನೇಟ್. ಹವಳಕ್ಕೆ ಸೇರಬೇಕಾದದ್ದು ಹೀಟರ್‌ಗೆ ಹೋಯಿತು, ಅಷ್ಟೇ.

ಮೊದಲು ಉಪ್ಪಿನಂಶ ಅಳೆಯಿರಿ. ಸಾವಿರಕ್ಕೆ 35 ಇರಬೇಕು. ಉಪ್ಪಿನಂಶ ತೋರಿಸುವ ರಿಫ್ರಾಕ್ಟೋಮೀಟರನ್ನು ಬರೀ ಆರ್‌ಒ ನೀರಿನಲ್ಲಿ ಸರಿಮಾಡಿದರೆ ಸಾಲದು, 35ರ ದ್ರಾವಣದಲ್ಲೇ ಸರಿಮಾಡಿ. ಉಪ್ಪೇ ತಪ್ಪಿದ್ದರೆ ಮಿಕ್ಕ ಅಂಕಿಗಳನ್ನು ನಂಬಿ ಪ್ರಯೋಜನವಿಲ್ಲ, ಅಲ್ವಾ? ಆಮೇಲೆ ಮೆಗ್ನೀಸಿಯಂ. ನೀವು ಅದನ್ನು ಬರೆದೇ ಇಲ್ಲ! 1,250ರಿಂದ 1,350 ಪಿಪಿಎಂ ಇದ್ದರೆ ಸರಿ. ಕ್ಯಾಲ್ಸಿಯಂ ಕಾರ್ಬೋನೇಟ್ ಹರಳು ಬೆಳೆಯದಂತೆ ತಡೆಯುವುದೇ ಅದು. ಕಡಿಮೆಯಿದ್ದರೆ ಕ್ಯಾಲ್ಸಿಯಂ ಎಷ್ಟು ಸುರಿದರೂ ನಿಲ್ಲುವುದಿಲ್ಲ.

ಆಲ್ಕಲಿನಿಟಿ ತಾನಾಗಿ 8-9ಕ್ಕೆ ಇಳಿಯಲಿ. ಆಸಿಡ್ ಗೀಸಿಡ್ ಬೇಡ. ನಂತರ ಕ್ಯಾಲ್ಸಿಯಂ ಏರಿಸಿ. ನಿಮ್ಮ ಟ್ಯಾಂಕಿಗೆ ದಿನಕ್ಕೆ ಸುಮಾರು 15 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಕರಗಿಸಿ ಹಾಕಿದರೆ 20 ಪಿಪಿಎಂ ಏರುತ್ತದೆ. ಮೂರು ದಿನಕ್ಕೆ 420 ಮುಟ್ಟುತ್ತದೆ.

ಮುಂದಕ್ಕೆ ಅಂದಾಜಿನ ಡೋಸಿಂಗ್ ಬೇಡ. ದಿನಾ ಒಂದೇ ಹೊತ್ತಿಗೆ ಆಲ್ಕಲಿನಿಟಿ ನೋಡಿ. ದಿನಕ್ಕೆ ಅರ್ಧ ಡಿಕೆಎಚ್ ಇಳಿದರೆ 3 ಗ್ರಾಂ ಅಡುಗೆ ಸೋಡಾ ಸಾಕು, ಬೇಕಿಂಗ್ ಪೌಡರ್ ಅಲ್ಲ. ಅದನ್ನೂ ಕ್ಯಾಲ್ಸಿಯಂ ದ್ರಾವಣವನ್ನೂ ಒಟ್ಟಿಗೆ ಸುರಿಯಬೇಡಿ, ಕಣ್ಣೆದುರೇ ನೀರು ಹಾಲಿನಂತಾಗುತ್ತದೆ.

ಕಿಟಕಿ ತೆರೆದರೂ ಪಿಎಚ್ ತೀರಾ ಕೆಳಗೇ ಇದ್ದರೆ ಸುಣ್ಣದ ತಿಳಿನೀರು ಒಳ್ಳೆಯ ದಾರಿ. ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡನ್ನೂ ಹವಳಕ್ಕೆ ಬೇಕಾದ ಅಳತೆಯಲ್ಲೇ ಕೊಡುತ್ತದೆ, ಇಂಗಾಲದ ಡೈಆಕ್ಸೈಡನ್ನೂ ಹೀರುತ್ತದೆ. ಆದರೆ ಅದರ ಪಿಎಚ್ 12 ದಾಟಿರುತ್ತದೆ. ಆವಿಯಾದ ನೀರಿನ ಬದಲಿಗೆ, ರಾತ್ರಿ ಹೊತ್ತು, ಹನಿಹನಿಯಾಗಿ ಬಿಡಿ. ಎಲೆ ಅಡಿಕೆಯ ಸುಣ್ಣ ಮಾತ್ರ ಬೇಡ, ಅದರಲ್ಲಿ ಇನ್ನೇನು ಬೆರೆತಿದೆಯೋ ಗೊತ್ತಾಗುವುದಿಲ್ಲ.